ಫ್ರೀಕೋಡ್‌ಕ್ಯಾಂಪ್: ಉಚಿತ ಕಲಿಕೆಗೆ ನಾವು ನೀಡಬಹುದಾದ ನೆರವು

ಫ್ರೀಕೋಡ್‌ಕ್ಯಾಂಪ್ ಎಂಬುದು ಕಂಪ್ಯೂಟರ್ ಪ್ರೋಗ್ರಾಮಿಂಗ್ ಅನ್ನು ಉಚಿತವಾಗಿ ಕಲಿಸುವ ಅಂತರ್ಜಾಲ ವೇದಿಕೆ. ಅಮೆರಿಕದ ಕ್ವಿನ್ಸಿ ಲಾರ್ಸನ್ ಅವರು 2014ರಲ್ಲಿ ಇದನ್ನು ಆರಂಭಿಸಿದರು. ಮೊದಲು ಶಿಕ್ಷಕರಾಗಿದ್ದ ಅವರು ಮೂವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿತವರು. ಅಲ್ಲಿನ ಕಾನೂನಿನಂತೆ ಇದು ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯಾಗಿದ್ದು, ದಾನಿಗಳ ನೆರವಿನಿಂದ ನಡೆಯುತ್ತಿದೆ. ಆರಂಭದ ವರ್ಷಗಳಲ್ಲಿ ಇಲ್ಲಿ ಕಲಿತವರು ಸೇವಾ ಸಂಸ್ಥೆಗಳಿಗೆ ಹಣ ಪಡೆಯದೆ ಸಾಫ್ಟ್‌ವೇರ್ ಮಾಡಿಕೊಟ್ಟದ್ದೂ ಉಂಟು.

ಏನು ಕಲಿಯಬಹುದು?

ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಪೈಥಾನ್, ಡೇಟಾಬೇಸ್ ಮುಂತಾದ ಪಾಠಗಳಿವೆ. ಪಾಠಕ್ಕೂ ಶುಲ್ಕವಿಲ್ಲ, ಪ್ರಮಾಣಪತ್ರಕ್ಕೂ ಇಲ್ಲ. ಕೋಚಿಂಗ್ ಶುಲ್ಕ ಕಟ್ಟಲಾಗದ ಮನೆಯ ಮಕ್ಕಳಿಗೆ ಇದೇ ದೊಡ್ಡ ಅನುಕೂಲ.

ನೆರವಾಗುವ ಬಗೆಗಳು

1. ತಪ್ಪು ತಿಳಿಸುವುದು: ಪಾಠದ ಒಂದು ಸಾಲು ತಪ್ಪಾಗಿದ್ದರೆ, ಹೊಸದಾಗಿ ಕಲಿಯುವವರು ತಪ್ಪು ತಮ್ಮದೇ ಎಂದುಕೊಂಡು ಅಲ್ಲಿಗೇ ಕೈಬಿಡುತ್ತಾರೆ. ಯಾವ ಪಾಠ, ಯಾವ ಹಂತ, ಏನು ಬರಬೇಕಿತ್ತು, ಏನು ಬಂತು ಎಂಬುದನ್ನು ಬರೆದು ಗಿಟ್‌ಹಬ್‌ನಲ್ಲಿ ತಿಳಿಸಿದರೆ ಅದೇ ದೊಡ್ಡ ಸಹಾಯ. ಇದಕ್ಕೆ ಪ್ರೋಗ್ರಾಮಿಂಗ್ ಪರಿಣತಿ ಬೇಕಿಲ್ಲ.

2. ಅನುವಾದ: ಕ್ರೌಡಿನ್ ಎಂಬ ತಾಣದ ಮೂಲಕ ಸ್ವಯಂಸೇವಕರು ಪಾಠಗಳನ್ನು ಅನುವಾದಿಸುತ್ತಾರೆ. ಸ್ಪ್ಯಾನಿಷ್, ಪೋರ್ಚುಗೀಸ್, ಜಪಾನಿ ಮುಂತಾದ ಭಾಷೆಗಳಲ್ಲಿ ಪಾಠಗಳು ಬಂದದ್ದು ಹೀಗೆಯೇ. ಒಬ್ಬರು ಅನುವಾದಿಸಿದ್ದನ್ನು ಮತ್ತೊಬ್ಬರು ಪರಿಶೀಲಿಸುತ್ತಾರೆ.

3. ಕೋಡ್ ಬರೆಯುವುದು: ವೇದಿಕೆಯ ಕೋಡ್ ಹೆಚ್ಚಾಗಿ ಟೈಪ್‌ಸ್ಕ್ರಿಪ್ಟ್‌ನಲ್ಲಿದೆ. ಅದರ ಪ್ರತಿಯನ್ನು ತಮ್ಮ ಖಾತೆಗೆ ತೆಗೆದುಕೊಂಡು, ತಿದ್ದಿ, ಪರೀಕ್ಷಿಸಿ, ಸೇರಿಸುವಂತೆ ಕೋರಿಕೆ ಕಳುಹಿಸಬೇಕು. ಇದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ನಿರ್ವಾಹಕರು ನೋಡಿ ಒಪ್ಪಿದ ಮೇಲೆಯೇ ಅದು ಸೇರುತ್ತದೆ. ಹೊಸಬರಿಗೆಂದು ಗುರುತು ಹಾಕಿದ ಸುಲಭದ ಕೆಲಸಗಳಿಂದ ಆರಂಭಿಸುವುದು ಒಳ್ಳೆಯದು.

4. ಧನಸಹಾಯ: ಇದು ವಿದೇಶಿ ಸಂಸ್ಥೆಯಾದ್ದರಿಂದ ನಮ್ಮ ಆದಾಯ ತೆರಿಗೆಯಲ್ಲಿ ದೇಣಿಗೆಯ ವಿನಾಯಿತಿ ಸಿಗುವುದಿಲ್ಲ ಎಂಬುದು ನೆನಪಿರಲಿ.

ಗಮನಿಸಬೇಕಾದ ಅಂಶಗಳು

ಸಾಫ್ಟ್‌ವೇರ್ ಬಿಎಸ್‌ಡಿ ಪರವಾನಗಿಯಡಿ ಮುಕ್ತವಾಗಿದೆ. ಅದನ್ನು ಯಾರೂ ಬಳಸಬಹುದು. ಆದರೆ ಪಾಠಗಳ ಹಕ್ಕುಸ್ವಾಮ್ಯ ಸಂಸ್ಥೆಯದು. ಆದ್ದರಿಂದ ಪಾಠಗಳನ್ನು ನಕಲು ಮಾಡಿ ತಮ್ಮ ಹೆಸರಿನಲ್ಲಿ ಹಂಚುವಂತಿಲ್ಲ.

ಸಂಖ್ಯೆಗಾಗಿ ಕೋರಿಕೆ ಕಳುಹಿಸಬಾರದು. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದವರು ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಕೊಡುತ್ತೇವೆ ಎಂದಿದ್ದರು. ಅದರ ಆಸೆಗೆ ಅನೇಕರು ಅರ್ಥವಿಲ್ಲದ ತಿದ್ದುಪಡಿಗಳನ್ನು ಸುರಿದರು. ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರಿಗೆ ಅವನ್ನು ತಳ್ಳಿಹಾಕುವುದೇ ಕೆಲಸವಾಯಿತು. ಕೊನೆಗೆ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ಅಭಿಯಾನದ ನಿಯಮವನ್ನೇ ಬದಲಿಸಬೇಕಾಯಿತು.

ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ, ವಾರಕ್ಕೆ ಒಂದು ಗಂಟೆ ಈ ಕೆಲಸಕ್ಕೆ ಕೊಡುವಂತೆ ಹೇಳಿ. ಅವರ ಕೆಲಸವನ್ನು ಅನುಭವಿಗಳು ತಿದ್ದುತ್ತಾರೆ, ಅದರಿಂದ ಅವರ ಕಲಿಕೆಯೂ ಬೆಳೆಯುತ್ತದೆ. ಅವರು ಸರಿಪಡಿಸಿದ ಒಂದು ಸಾಲಿನಿಂದ ಎಲ್ಲೋ ಒಬ್ಬ ಅಪರಿಚಿತ ವಿದ್ಯಾರ್ಥಿಯ ಪಾಠ ಮುಂದುವರಿಯುತ್ತದೆ. ಇದೂ ವಿದ್ಯಾದಾನವೇ.