ಸಿಂಹಳದ ತೋಟಗಳಲ್ಲಿ ತುಂಡುಚೀಟಿಯೂ ಕೂಲಿಕಾರರ ಸಂಚಾರಸ್ವಾತಂತ್ರ್ಯವೂ

ಪರನಾಡಿನಲ್ಲಿ ದುಡಿಯುವವನು ಒಬ್ಬ ಯಜಮಾನನನ್ನು ಬಿಟ್ಟು ಮತ್ತೊಬ್ಬನನ್ನು ಸೇರಬಹುದೇ? ಹುಟ್ಟೂರಿಗೆ ಬಂದವನು ಮರಳಿ ಅಲ್ಲಿಗೆ ಹೋಗಬಹುದೇ? ಇವು ಬೇರೆಬೇರೆ ಪ್ರಶ್ನೆಗಳಂತೆ ತೋರುತ್ತವೆ. ಸಿಂಹಳದ, ಎಂದರೆ ಇಂದಿನ ಶ್ರೀಲಂಕೆಯ, ತೋಟಗಳ ಮಟ್ಟಿಗೆ ಇವೆರಡನ್ನೂ ಒಟ್ಟಿಗೆ ಪರಿಶೀಲಿಸಿದಲ್ಲದೆ ಅಲ್ಲಿಯ ಭಾರತೀಯ ಕೂಲಿಕಾರರಿಗೆ ಒದಗಿದ ಗತಿ ಅರ್ಥವಾಗದೆಂಬುದು ನಮ್ಮ ಅಭಿಪ್ರಾಯ.

ಮಾರಿಷಸ್ಸಿಗೂ ಬ್ರಿಟಿಷ್ ಗಯಾನಾಕ್ಕೂ ಹೋದವರು ವರ್ಷಗಟ್ಟಲೆಯ ಕರಾರಿಗೆ ಬದ್ಧರಾಗಿದ್ದರು. ಸಿಂಹಳಕ್ಕೆ ಹೋದ ತಮಿಳು ಜಿಲ್ಲೆಗಳ ಜನ ಹಾಗಲ್ಲ. ಅವರದು ತಿಂಗಳಿಂದ ತಿಂಗಳಿಗೆ ನಡೆಯುವ ಕರಾರು. ಮುಂಚಿತವಾಗಿ ತಿಳಿಸಿ ಕೆಲಸ ಬಿಡಲು ಕಾಯಿದೆಯ ಅಡ್ಡಿಯಿರಲಿಲ್ಲ. ಆದುದರಿಂದಲೇ ತೋಟಗಾರರು ತಮ್ಮ ಆಳುಗಳು ಸ್ವತಂತ್ರರೆಂದು ಹೇಳಿಕೊಳ್ಳುತ್ತಿದ್ದರು. ತಿಳಿಸದೆ ಬಿಟ್ಟವನಿಗೆ 1865ರ 11ನೆಯ ಶಾಸನದಂತೆ ಸೆರೆಮನೆಯಿತ್ತೆಂಬುದನ್ನು ಅವರು ಅಷ್ಟಾಗಿ ಹೇಳುತ್ತಿರಲಿಲ್ಲ.

ಆದರೆ ನಿಜವಾದ ಕಟ್ಟು ಸಾಲದ್ದು. ಊರಿನಿಂದ ಜನರನ್ನು ಕರೆತರುತ್ತಿದ್ದವನು ಕಂಗಾಣಿ. ದಾರಿಯ ಖರ್ಚಿಗೂ ಊರಲ್ಲಿ ಬಿಟ್ಟುಬಂದ ಸಾಲ ತೀರಿಸುವುದಕ್ಕೂ ಅವನು ತೋಟದಿಂದ ಮುಂಗಡ ಪಡೆದು ಆಳುಗಳ ಹೆಸರಿಗೆ ಬರೆಯುತ್ತಿದ್ದ. ದಿನಕ್ಕೆ ಎಷ್ಟು ಆಳು ಕೆಲಸಕ್ಕೆ ಬಂದರೋ ಅಷ್ಟರ ತಲೆಗಾಸೂ ಅವನಿಗೆ ಸಲ್ಲುತ್ತಿತ್ತು. ಗುಂಪು ತೋಟ ಬಿಡಬಯಸಿದರೆ ತೋಟದ ದೊರೆ ಒಂದು ಚೀಟಿ ಬರೆದುಕೊಡುತ್ತಿದ್ದ: ಇಷ್ಟು ಹಣ ಇಷ್ಟು ದಿನಗಳೊಳಗೆ ಬಂದರೆ ಇವರನ್ನು ಬಿಟ್ಟುಕೊಡಲಾಗುವುದು. ಇದೇ 'ತುಂಡು'. ತಮಿಳಿನ ಈ ಪದಕ್ಕೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಹೊಸ ತೋಟ ಆ ಹಣವನ್ನು ತೆತ್ತು ಗುಂಪನ್ನು ಪಡೆಯುತ್ತಿತ್ತು. ತೆತ್ತ ಹಣ ಹೊಸ ಲೆಕ್ಕದಲ್ಲಿ ಮತ್ತೆ ಸಾಲವಾಗಿ ಏರುತ್ತಿತ್ತು. ಯಜಮಾನ ಬದಲಾದ, ಸಾಲ ಬದಲಾಗಲಿಲ್ಲ. ಆಳುಗಳ ಅಭಾವವಿದ್ದಾಗ ಕಂಗಾಣಿ ತೋಟತೋಟಗಳ ನಡುವೆ ಪೈಪೋಟಿ ಹಚ್ಚಿ ಹೆಚ್ಚು ಮುಂಗಡ ಎಳೆಯುತ್ತಿದ್ದ. ಆ ಭಾರವನ್ನು ಹೊರುವವನು ಕೂಲಿಕಾರನೇ. ಸ್ವತಃ ತೋಟಗಾರರೇ ಇದರ ವಿರುದ್ಧ ದೂರುತ್ತಿದ್ದರೂ ಪಕ್ಕದ ತೋಟದ ಆಳುಗಳನ್ನು ಸೆಳೆಯುವ ಆಸೆಯನ್ನು ಬಿಡಲೊಲ್ಲದವರಾಗಿದ್ದರು.

ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿಯೂ ಮೇಸ್ತ್ರಿಯ ಮುಂಗಡವಿತ್ತು. ಅದಕ್ಕೆ ಬೆಂಬಲವಾಗಿ 1859ರ 13ನೆಯ ಆಕ್ಟು ಇತ್ತು. ಆದರೆ ಒಂದು ಚೀಟಿಯ ಮೂಲಕ ಗುಂಪಿಗೆ ಗುಂಪೇ ಕೈಬದಲಾಗುವ ಏರ್ಪಾಡು ಸಿಂಹಳದ ವಿಶೇಷ. ಅದು ಶಾಸನದಿಂದ ಹುಟ್ಟಿದ್ದಲ್ಲ, ರೂಢಿಯಿಂದ ಬೆಳೆದದ್ದು.

ಪೊನ್ನಂಬಲಂ ಅರುಣಾಚಲಂ ಮೊದಲಾದವರ ಆಂದೋಲನದಿಂದಲೂ ಭಾರತದ ಒತ್ತಾಯದಿಂದಲೂ 1921ರಲ್ಲಿ ಕೂಲಿಕಾರರ ಮೇಲಿನ ದಂಡನೆಯ ವಿಧಿಗಳು ತೊಲಗಿದವು. ಆ ವರ್ಷದ 43ನೆಯ ಶಾಸನ ತುಂಡನ್ನು ರದ್ದುಪಡಿಸಿತು. ಯಜಮಾನನನ್ನು ಬದಲಿಸುವ ಹಕ್ಕು ಕಾಗದದ ಮೇಲಾದರೂ ದೊರಕಿತು.

ಇನ್ನು ಹೋಗಿಬರುವ ಮಾತು. ಮೊದಲಲ್ಲಿ ಮನ್ನಾರಿನಿಂದ ಕಾಡುದಾರಿಯಲ್ಲಿ ನಡೆದೂ, 1914ರ ಅನಂತರ ಧನುಷ್ಕೋಟಿ-ತಲೈಮನ್ನಾರ್ ಹಡಗಿನಲ್ಲಿಯೂ ಈ ಜನ ಊರಿಗೆ ಹೋಗಿ ಬರುತ್ತಿದ್ದರು. ಮದುವೆ, ದೇವರ ಹರಕೆ, ತಂದೆತಾಯಿಗಳ ಉತ್ತರಕ್ರಿಯೆ, ಎಲ್ಲಕ್ಕೂ ಕಡಲು ದಾಟುವುದೇ. ಸಿಂಹಳ ಸರ್ಕಾರ ದಿನಗೂಲಿಯ ಭಾರತೀಯ ನೌಕರರನ್ನು ತೆಗೆದುಹಾಕಲು ತೊಡಗಿದಾಗ ಭಾರತ ಸರ್ಕಾರವು 1939ರ ಆಗಸ್ಟ್ 1ರಿಂದ ಅಕುಶಲ ಕೂಲಿಕಾರರ ವಲಸೆಯನ್ನು ನಿಷೇಧಿಸಿತು. ಕೂಲಿಕಾರನ ಹಿತಕ್ಕೆಂದು ಹಾಕಿದ ಈ ಬೇಲಿ ಅವನಿಗೇ ತೊಡಕಾಯಿತು: ಊರಿಗೆ ಬಂದವನಿಗೆ ಮರಳುವ ದಾರಿಯೇ ಅನಿಶ್ಚಿತ. ಯುದ್ಧಕಾಲದಲ್ಲಿ ನಿಷೇಧ ಸಡಿಲವಾಯಿತಾದರೂ ಹಿಂದಿನ ಸಲೀಸು ಮತ್ತೆ ಬರಲಿಲ್ಲ.

ಇದರ ಪೂರ್ಣಾರ್ಥ ವ್ಯಕ್ತವಾದುದು ಸಿಂಹಳ ಸ್ವತಂತ್ರವಾದ ಮೇಲೆ. 1948ರ ಪೌರತ್ವ ಶಾಸನ ತೋಟದ ಜನರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. 1949ರ ಇನ್ನೊಂದು ಶಾಸನ ಅರ್ಜಿಗೆ ಅವಕಾಶವಿತ್ತಿತು. ಆದರೆ 1946ರ ಜನವರಿ 1ಕ್ಕೆ ಹಿಂದೆ ವಿವಾಹಿತರು 7 ವರ್ಷ, ಅವಿವಾಹಿತರು 10 ವರ್ಷ ಎಡೆಬಿಡದೆ ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ಒಂದೇ ಸಲಕ್ಕೆ 12 ತಿಂಗಳು ಮೀರಿ ಹೊರಗಿದ್ದರೆ ವಾಸ ಕಡಿದಂತೆ. ಹಿಂದೆ ತೋಟದ ದೊರೆಯ ಚೀಟಿಯಿಲ್ಲದೆ ಅಲುಗದಿದ್ದವನು ಈಗ ತಾನು ಅಲುಗಲಿಲ್ಲವೆಂಬುದಕ್ಕೆ ಕಾಗದ ಹುಡುಕಬೇಕಾಯಿತು. ಅರ್ಜಿ ಹಾಕಿದವರಲ್ಲಿ ಬಹುಭಾಗದವರಿಗೆ ಪೌರತ್ವ ದೊರೆಯಲಿಲ್ಲ. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರು ಒಪ್ಪಂದ ಮಾಡಿಕೊಂಡು 5,25,000 ಜನರನ್ನು ಭಾರತದ ಪಾಲಿಗೂ 3,00,000 ಜನರನ್ನು ಸಿಂಹಳದ ಪಾಲಿಗೂ ಹಂಚಿದರು. ಉಳಿದ 1,50,000 ಜನರ ವಿಷಯವನ್ನು ಮುಂದಕ್ಕೆ ಇಟ್ಟರು.