ಶೈಕ್ಷಣಿಕ ಸಾಲ ನಿಗಮಗಳು (ಕರ್ನಾಟಕ)

ಉನ್ನತ ವ್ಯಾಸಂಗದ ವೆಚ್ಚವನ್ನು ಭರಿಸಲಾರದ ಕುಟುಂಬಗಳ ವಿದ್ಯಾರ್ಥಿಗಳಿಗೆ ಸರ್ಕಾರದ ಮೂಲಧನದಿಂದ ಅಲ್ಪ ಬಡ್ಡಿಯ ಸಾಲವನ್ನಿತ್ತು, ವ್ಯಾಸಂಗಾನಂತರ ಅದನ್ನು ಕಂತುಗಳಲ್ಲಿ ವಸೂಲು ಮಾಡುವ ಸಾರ್ವಜನಿಕ ಸಂಸ್ಥೆಗಳು. ಕರ್ನಾಟಕದಲ್ಲಿ ಈ ಕಾರ್ಯವು ಸಮುದಾಯವಾರು ಅಭಿವೃದ್ಧಿ ನಿಗಮಗಳಲ್ಲಿ ಹಂಚಿಹೋಗಿದೆ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ (1977), ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ (1986) ಇವೆರಡೂ ಮುಖ್ಯವಾದವು. ಎರಡರ ಸಾಲಯೋಜನೆಗೂ ‘ಅರಿವು’ ಎಂದೇ ಹೆಸರು.

ಪೂರ್ವೇತಿಹಾಸ: ಕೇಂದ್ರ ಸರ್ಕಾರವು 1963ರಲ್ಲಿ ಆರಂಭಿಸಿ ರಾಜ್ಯಗಳ ಮೂಲಕ ನಡೆಸಿದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯು ಈ ಬಗೆಯ ಪ್ರಯತ್ನಗಳಲ್ಲಿ ಗಣ್ಯವಾದುದು. ಸಾಲಕ್ಕೆ ಬಡ್ಡಿಯಿರಲಿಲ್ಲ; ಸಂಪಾದನೆ ಮೊದಲಾಗಿ ಒಂದು ವರ್ಷ, ಇಲ್ಲವೆ ವ್ಯಾಸಂಗ ಮುಗಿದು ಮೂರು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗಿನಿಂದ ಮಾಸಿಕ ವರಮಾನದ ಆರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಂತೆ ತೀರಿಸಬೇಕಾಗಿತ್ತು; ಉಪಾಧ್ಯಾಯ ವೃತ್ತಿಯನ್ನು ಕೈಗೊಂಡವರಿಗೆ ಸೇವೆಯ ಪ್ರತಿವರ್ಷಕ್ಕೆ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು. ಆಸ್ಟ್ರೇಲಿಯವು 1989ರಲ್ಲಿ ಪ್ರಸಿದ್ಧಗೊಳಿಸಿದ ಆದಾಯಾನುಸಾರಿ ಮರುಪಾವತಿಯ ತತ್ತ್ವವು ಇಲ್ಲಿ ಕಾಲು ಶತಮಾನದಷ್ಟು ಮೊದಲೇ ಒಂದು ಮಟ್ಟಿಗೆ ಅಂಗೀಕೃತವಾಗಿತ್ತೆನ್ನಬಹುದು. ಆದರೆ ಅಲ್ಲಿ ವಸೂಲಿಯ ಹೊಣೆಯನ್ನು ಸಾಲಿಗನ ವರಮಾನವನ್ನು ಬಲ್ಲ ತೆರಿಗೆ ಇಲಾಖೆಯೇ ಹೊತ್ತಿತು. ಇಲ್ಲಿಯಾದರೋ ಊರೂರು ಚದುರಿಹೋದ ಪದವೀಧರರನ್ನು ಹುಡುಕುವ ಸಾಧನವಾಗಲಿ, ಅವರ ಸಂಪಾದನೆಯನ್ನು ಅಳೆಯುವ ಉಪಾಯವಾಗಲಿ ಆಡಳಿತಕ್ಕೆ ಇರಲಿಲ್ಲ. ವಸೂಲಿ ಅತ್ಯಲ್ಪವಾಗಿ, 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು.

ನಿಧಿ: ನಿಗಮಗಳ ಬಂಡವಾಳ ಮುಖ್ಯವಾಗಿ ರಾಜ್ಯ ಸರ್ಕಾರದ ಷೇರು ಹಣ ಹಾಗೂ ಆಯವ್ಯಯದ ಅನುದಾನ. ಇದಲ್ಲದೆ ಹಿಂದುಳಿದ ವರ್ಗಗಳ (1992) ಮತ್ತು ಅಲ್ಪಸಂಖ್ಯಾತರ (1994) ರಾಷ್ಟ್ರೀಯ ಹಣಕಾಸು ನಿಗಮಗಳು ರಾಜ್ಯ ಸರ್ಕಾರದ ಖಾತರಿಯ ಮೇಲೆ ಇವಕ್ಕೆ ಸಾಲ ಕೊಡುತ್ತವೆ.

ವಿತರಣೆ ಮತ್ತು ವಸೂಲಿ: ಸಿಇಟಿ ಮೊದಲಾದ ಪ್ರವೇಶ ಪರೀಕ್ಷೆಗಳ ಮೂಲಕ ವೃತ್ತಿಶಿಕ್ಷಣದ ಸೀಟು ಪಡೆದವರು ಅರಿವು ಸಾಲಕ್ಕೆ ಅರ್ಹರು, ಕುಟುಂಬದ ಆದಾಯಕ್ಕೆ ಮಿತಿಯುಂಟು. ಉದಾಹರಣೆಗೆ, ನೆಲಮಂಗಲ ತಾಲ್ಲೂಕಿನ ಅರಿಶಿನಕುಂಟೆಯ ವಿದ್ಯಾರ್ಥಿಯು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳೊಡನೆ ಅರ್ಜಿ ಹಾಕಬೇಕು. ಪರಿಶೀಲನೆ ನಿಗಮದ ಜಿಲ್ಲಾ ಕಚೇರಿಯದು. ಸಾಲವು ವರ್ಷವರ್ಷಕ್ಕೆ ಬಿಡುಗಡೆಯಾಗುವುದರಿಂದ ತೇರ್ಗಡೆಯಾದವರು ನವೀಕರಣಕ್ಕೆ ಮತ್ತೆ ಅರ್ಜಿ ಸಲ್ಲಿಸುತ್ತಾರೆ. ಬಡ್ಡಿ ಅಥವಾ ಸೇವಾಶುಲ್ಕ ಶೇಕಡ 2. ಇಷ್ಟು ಅಲ್ಪ ದರವು ವಸೂಲಿಯ ವೆಚ್ಚಕ್ಕೇ ಸಾಲುವುದು ಸಂದೇಹ. ಕಂತುಗಳು ಹಿಂದಿರುಗದಷ್ಟೂ ಮುಂದಿನ ವರ್ಷದ ವಿದ್ಯಾರ್ಥಿಗಳ ಸಾಲವು ಹೊಸ ಅನುದಾನವನ್ನೇ ಅವಲಂಬಿಸುತ್ತದೆ. ಆಗ ಸಾಲವೆಂಬ ಹೆಸರುಳಿದು ಸ್ವರೂಪದಲ್ಲಿ ಅದು ವಿದ್ಯಾರ್ಥಿವೇತನವನ್ನು ಹೋಲತೊಡಗುತ್ತದೆ.

ಬ್ಯಾಂಕುಗಳು: 2001ರ ಮಾದರಿ ಶಿಕ್ಷಣಸಾಲ ಯೋಜನೆಯ ಬಳಿಕ ಬ್ಯಾಂಕುಗಳು 4 ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ನೀಡತೊಡಗಿದವು. 2009ರಲ್ಲಿ ಆರಂಭವಾದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಗೆ ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕು ನೋಡಲ್ ಬ್ಯಾಂಕಾಯಿತು. ಬ್ಯಾಂಕು ಕೊಡುವುದು ಠೇವಣಿದಾರರ ಹಣವಾದುದರಿಂದ ಅದರ ವಸೂಲಿ ಕಟ್ಟುನಿಟ್ಟು. ನಿಗಮದ್ದು ಬೊಕ್ಕಸದ ಹಣವಾದುದರಿಂದ ಅಲ್ಲಿ ಆ ಒತ್ತಡ ಕಡಿಮೆ.