ಎರಡು ಸೀಟು, ಒಂದಿಷ್ಟು ತುಕ್ಕು

"ಮಜ್ದಾ" ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ನನಗಂತೂ ಸ್ವರಾಜ್ ಮಜ್ದಾ. ಚಿಕ್ಕಂದಿನಲ್ಲಿ ನಾವು ಸ್ಕೂಲಿಗೆ ಹೋಗುತ್ತಿದ್ದ ವ್ಯಾನು, ಮದುವೆ ದಿಬ್ಬಣದ ವ್ಯಾನು, ಎಲ್ಲದರ ಮೂತಿಯ ಮೇಲೂ ಅದೇ ಹೆಸರು. ಹಾಗಾಗಿ ಇಂಗ್ಲೆಂಡಿನಲ್ಲಿರುವ ನನ್ನ ಕಾಲೇಜು ಗೆಳೆಯ ಫೋನ್ ಮಾಡಿ, "ಮಗಾ, ಒಂದು ಹಳೇ ಮಜ್ದಾ ತಗೋತಾ ಇದೀನಿ" ಅಂದಾಗ ನಾನು ಕೇಳಿದ್ದು, "ಯಾಕೋ, ಕೆಲಸ ಬಿಟ್ಟು ಟ್ರಾನ್ಸ್‌ಪೋರ್ಟ್ ಶುರು ಮಾಡ್ತೀಯಾ?" ಅಂತ :)

ಅವನು ಹೇಳುತ್ತಿದ್ದದ್ದು ಮಜ್ದಾ ಎಂಎಕ್ಸ್-5 ಬಗ್ಗೆ. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ಅವನ ಮುಂದೆ ಎರಡು ಕಾರುಗಳಿದ್ದವು, ಎರಡೂ 1990ರವು, ಅಂದರೆ ನಮ್ಮಿಬ್ಬರಿಗಿಂತ ವಯಸ್ಸಿನಲ್ಲಿ ದೊಡ್ಡವು. ಒಂದು ಕೆಂಪು, ಹೊಸ ಪೇಂಟಿನ ಮಿಂಚು, ಓಡಿರುವುದೂ ಕಡಿಮೆ. ಇನ್ನೊಂದು ನೀಲಿ, ಬಣ್ಣ ಮಾಸಿದೆ, ಓಡಿದ್ದು ಅದರ ಎರಡರಷ್ಟು, ಛಾವಣಿಗೆ ತೇಪೆ ಬೇರೆ. ಆದರೆ ಓನರ್ ಹತ್ತಿರ ಅಷ್ಟೂ ವರ್ಷದ ಬಿಲ್ಲುಗಳ ದಪ್ಪ ಫೈಲು. ಬೆಲೆ ಹೆಚ್ಚುಕಮ್ಮಿ ಒಂದೇ. "ಯಾವುದು ತಗೊಳ್ಳಲಿ?" ಅಂತ ಅವನ ಪ್ರಶ್ನೆ. ಒಂದೂವರೆ ವರ್ಷದ ಉಳಿತಾಯ ಅದು, ತಪ್ಪಾದರೆ ಮತ್ತೆ ಕೊಳ್ಳುವ ಹಾಗಿಲ್ಲ.

ನನಗೆ ಕಾರು ರಿಪೇರಿ ಬರುವುದಿಲ್ಲ. ಆದರೆ ಹಳೇ ಕೋಡ್ ಓದುವವರಿಗೆ ಒಂದು ಅಭ್ಯಾಸ ಇರುತ್ತಲ್ಲ, ಬಗ್ ಎಲ್ಲಿದೆ ಅಂತ ಹುಡುಕುವ ಮೊದಲು ಇದನ್ನು ಯಾರು, ಯಾಕೆ, ಯಾವ ಕಾಲದಲ್ಲಿ ಬರೆದರು ಅಂತ ನೋಡುವುದು. ಹಾಗೇ ಈ ಕಾರಿನ ಚರಿತ್ರೆ ಓದಲು ಕೂತೆ. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು: ಸೆಕೆಂಡ್ ಹ್ಯಾಂಡ್ ರೋಡ್‌ಸ್ಟರ್ ಕೊಳ್ಳುವವನು ಎಲ್ಲಿ ಬಗ್ಗಿ ನೋಡಬೇಕು ಅನ್ನುವುದನ್ನು ಅದರ ಚರಿತ್ರೆಯೇ ಹೇಳುತ್ತದೆ.

ಕಥೆ ಶುರುವಾಗುವುದು ಜಪಾನಿನಲ್ಲಲ್ಲ, ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1945ರಿಂದ 1949ರವರೆಗೆ, ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ಎಂಜಿ ಟಿಸಿ ಅನ್ನುವ ಪುಟ್ಟ ಕಾರು ತಯಾರಾಯಿತು. ಒಟ್ಟು ಸುಮಾರು 10,000. ಅಲ್ಲಿದ್ದ ಅಮೆರಿಕನ್ ಸೈನಿಕರಿಗೆ ಅದರ ಹುಚ್ಚು ಹಿಡಿಯಿತು. ಸ್ಟಿಯರಿಂಗ್ ಬಲಕ್ಕಿದ್ದರೂ ಪರವಾಗಿಲ್ಲ ಅಂತ ಆ ಕಾರನ್ನು ತಮ್ಮ ದೇಶಕ್ಕೂ ತರಿಸಿಕೊಂಡರು. ಆಮೇಲೆ ಎಂಜಿಎ, 1962ರಲ್ಲಿ ಎಂಜಿಬಿ ಬಂದವು. ಟ್ರಯಂಫ್ ಸ್ಪಿಟ್‌ಫೈರ್ ಮತ್ತು ಕಾಲಿನ್ ಚಾಪ್‌ಮನ್ನರ ಲೋಟಸ್ ಎಲಾನ್ ಬಂದದ್ದೂ ಅದೇ 1962ರಲ್ಲಿ. ಎಲಾನಿನದು ಫೈಬರ್ ಮೈ, ಒಳಗೆ ಬೆನ್ನುಮೂಳೆಯ ಹಾಗೆ ಒಂದೇ ಉಕ್ಕಿನ ಚಾಸಿ, ತೂಕ 700 ಕೆ.ಜಿ.ಗಿಂತ ಕಡಿಮೆ. ಓಡಿಸಿದವರು ಇವತ್ತಿಗೂ ಅದರ ಸ್ಟಿಯರಿಂಗ್ ಬಗ್ಗೆ ಮಾತಾಡುತ್ತಾರೆ.

ಆದರೆ ಈ ಕಾರುಗಳನ್ನು ಪ್ರೀತಿಸುವುದು ಸುಲಭ, ಸಾಕುವುದು ಕಷ್ಟ. ಆಯಿಲ್ ಸೋರುವುದು, ಮಳೆ ಬಂದರೆ ಒಳಗೇ ನೀರು, ರಾತ್ರಿ ಲೈಟ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಇವುಗಳ ವಿದ್ಯುತ್ ಉಪಕರಣ ಮಾಡುತ್ತಿದ್ದ ಲೂಕಾಸ್ ಕಂಪನಿಗೆ "ಕತ್ತಲೆಯ ರಾಜಕುಮಾರ" ಅಂತಲೇ ಅಡ್ಡಹೆಸರು. ಎಲ್ಲಕ್ಕಿಂತ ಮೇಲೆ ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶದಲ್ಲಿ ತೆಳು ಉಕ್ಕಿನ ಕಾರು ಎಷ್ಟು ದಿನ ಬಾಳೀತು?

ಎಪ್ಪತ್ತರ ದಶಕದಲ್ಲಿ ಇನ್ನೊಂದು ಹೊಡೆತ ಬಿತ್ತು. ಅಮೆರಿಕದ ಹೊಗೆ ನಿಯಮಗಳಿಂದ ಎಂಜಿನ್ನುಗಳ ಶಕ್ತಿ ಕುಗ್ಗಿತು. ಬಂಪರ್ ನಿಯಮಕ್ಕಾಗಿ 1974ರಲ್ಲಿ ಎಂಜಿಬಿಗೆ ದಪ್ಪ ಕಪ್ಪು ರಬ್ಬರ್ ಬಂಪರ್ ಬಂತು, ಕಾರನ್ನೇ ನೆಲದಿಂದ ಎತ್ತರಿಸಿದರು. ಛಾವಣಿ ಇಲ್ಲದ ಕಾರುಗಳನ್ನೇ ಅಲ್ಲಿ ನಿಷೇಧಿಸುತ್ತಾರೆ ಅನ್ನುವ ಭಯ ಎಷ್ಟಿತ್ತೆಂದರೆ, 1975ರ ಟ್ರಯಂಫ್ ಟಿಆರ್7 ಶುರುವಾದದ್ದೇ ಗಟ್ಟಿ ಛಾವಣಿಯೊಂದಿಗೆ. ನಿಷೇಧ ಬರಲೇ ಇಲ್ಲ, ಆದರೆ ಕಾರುಗಳು ಹೋದವು. ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿ 1980ರಲ್ಲಿ ನಿಂತಿತು. ಅದೇ ಅಕ್ಟೋಬರಿನಲ್ಲಿ ಅಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು.

ಜಪಾನಿನ ಪಾಲು ಶುರುವಾಗುವುದು ಇದಕ್ಕೆ ಒಂದು ವರ್ಷ ಮೊದಲು. 1979ರಲ್ಲಿ ಬಾಬ್ ಹಾಲ್ ಅನ್ನುವ ಅಮೆರಿಕನ್ ಕಾರು ಪತ್ರಕರ್ತ ಹಿರೋಶಿಮಾದಲ್ಲಿ ಕೆನಿಚಿ ಯಾಮಾಮೊಟೊರನ್ನು ಭೇಟಿಯಾದರು. ಯಾಮಾಮೊಟೊ ಅಂದರೆ ಮಜ್ದಾದ ರೋಟರಿ ಎಂಜಿನ್ನನ್ನು ದಡ ಸೇರಿಸಿದ ಎಂಜಿನಿಯರ್. ಮುಂದೆ ನಾವು ಯಾವ ಕಾರು ಮಾಡಬೇಕು ಅಂತ ಅವರು ಕೇಳಿದರು. ಹಳೇ ಇಂಗ್ಲಿಷ್ ಕಾರುಗಳ ಹಾಗೆ ಸರಳವಾದ, ಗಾಳಿಗೆ ಮುಖ ಒಡ್ಡುವ, ಅಗ್ಗದ ಕಾರು ಮಾಡಿ ಅಂತ ಹಾಲ್ ಹೇಳಿದರು. 1981ರಲ್ಲಿ ಹಾಲ್ ಮಜ್ದಾದ ಕ್ಯಾಲಿಫೋರ್ನಿಯಾ ಕಚೇರಿಗೇ ಕೆಲಸಕ್ಕೆ ಸೇರಿದರು.

1983ರಲ್ಲಿ ಕಂಪನಿಯೊಳಗೇ ಒಂದು ಸ್ಪರ್ಧೆ ಶುರುವಾಯಿತು. ಟೋಕಿಯೋ ತಂಡದವರು ಮುಂಚಕ್ರಕ್ಕೆ ಶಕ್ತಿ ಕೊಡುವ ಕಾರನ್ನೂ, ಎಂಜಿನ್ ನಡುವೆ ಇರುವ ಕಾರನ್ನೂ ಮುಂದಿಟ್ಟರು. ಕ್ಯಾಲಿಫೋರ್ನಿಯಾ ತಂಡದವರು ಮುಂದೆ ಎಂಜಿನ್, ಹಿಂಚಕ್ರಕ್ಕೆ ಶಕ್ತಿ ಅನ್ನುವ ಹಳೇ ಇಂಗ್ಲಿಷ್ ಕ್ರಮವನ್ನೇ ಹಿಡಿದರು. ಗೆದ್ದದ್ದು ಹಳೇ ಕ್ರಮ. ಅದರ ಮೊದಲ ಓಡುವ ಮಾದರಿಯನ್ನು ಕಟ್ಟಿದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಿನ ದಕ್ಷಿಣ ಕಡಲ ತೀರದ ವರ್ಥಿಂಗ್ ಊರಿನಲ್ಲಿ, ಐಎಡಿ ಅನ್ನುವ ಕಂಪನಿಯಲ್ಲಿ! ಅದನ್ನು 1985ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ರಸ್ತೆಗಳಲ್ಲಿ ಓಡಿಸಿ ನೋಡಿದರು.

1986ರಿಂದ ಯೋಜನೆಯ ಹೊಣೆ ತೋಶಿಹಿಕೊ ಹಿರಾಯ್ ಅವರದು. ಅವರ ಮಂತ್ರ "ಜಿಂಬಾ ಇತ್ತಾಯ್", ಅಂದರೆ ಕುದುರೆಯೂ ಸವಾರನೂ ಒಂದೇ ದೇಹ. ಕೇಳಲು ಜಾಹೀರಾತಿನ ಮಾತಿನ ಹಾಗಿದೆ, ನಿಜ. ಆದರೆ ಕಾರಿನ ಅಡಿಗೆ ಹೋಗಿ ನೋಡಿದರೆ ಅದಕ್ಕೆ ನಟ್ಟು ಬೋಲ್ಟು ಇದೆ. ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಒಂದು ಉದ್ದದ ಅಲ್ಯೂಮಿನಿಯಂ ತೊಲೆಯಿಂದ ಬಿಗಿದು ಒಂದು ಮಾಡಿದ್ದಾರೆ. ಆಕ್ಸಿಲರೇಟರ್ ಒತ್ತಿದಾಗ ನಡುವೆ ಜೋಲಿ ಹೊಡೆಯದೆ ಶಕ್ತಿ ನೇರ ಹಿಂದಕ್ಕೆ ಹೋಗಲಿ ಅಂತ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಬ್ಯಾಟರಿಯನ್ನು ಡಿಕ್ಕಿಗೆ ತಳ್ಳಿದರು, ಮುಂದಿನ ಭಾರ ಕಡಿಮೆಯಾಗಲಿ ಅಂತ. ತೂಕ ಸುಮಾರು 950 ಕೆ.ಜಿ., 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅಂಥ ದೊಡ್ಡ ಶಕ್ತಿ ಏನಲ್ಲ. ಅವರು ಶಕ್ತಿ ಹೆಚ್ಚಿಸುವುದಕ್ಕಿಂತ ಬೇಡದ್ದನ್ನು ಬಿಡುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಿದ್ದರು.

1989ರ ಫೆಬ್ರವರಿಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಕಾರು ಹೊರಬಂತು. ಬೆಲೆ 13,800 ಡಾಲರ್. ನೋಡಲು ಎಲಾನಿನ ತಮ್ಮನ ಹಾಗೆ, ಆದರೆ ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು, ಲೈಟೂ ಉರಿಯುತ್ತಿತ್ತು! ಸತ್ತೇ ಹೋಯಿತು ಅಂದುಕೊಂಡ ಜಾತಿ ಮತ್ತೆ ಹುಟ್ಟಿತು. ಯುರೋಪಿನವರೂ ಎಚ್ಚೆತ್ತರು. ಫಿಯಟ್ ಬಾರ್ಕೆಟಾ, ಬಿಎಂಡಬ್ಲ್ಯು ಜ಼ೆಡ್3, ಎಂಜಿಎಫ್ 1995ರಲ್ಲಿ, ಪೋರ್ಷೆ ಬಾಕ್ಸ್‌ಸ್ಟರ್ 1996ರಲ್ಲಿ ಬಂದವು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅಂತ ಎಂಎಕ್ಸ್-5 ಗಿನ್ನೆಸ್ ದಾಖಲೆ ಸೇರಿತು. ಹತ್ತು ಲಕ್ಷದ ಕಾರು ತಯಾರಾದದ್ದು 2016ರ ಏಪ್ರಿಲ್‌ನಲ್ಲಿ.

ಇನ್ನು ನನ್ನ ಗೆಳೆಯನ ಪ್ರಶ್ನೆಗೆ ಬರೋಣ. ಇಂಗ್ಲಿಷ್ ಕಾರುಗಳ ಕಾಯಿಲೆಗಳಲ್ಲಿ ಮಜ್ದಾದವರು ಗುಣ ಮಾಡಿದ್ದು ಎಂಜಿನ್ನು, ವೈರಿಂಗು, ಗೇರು. ಹಾಗಾಗಿ ಈ ಕಾರು ಹೆಚ್ಚು ಓಡಿದ್ದರೆ ಅಷ್ಟೊಂದು ಹೆದರಬೇಕಿಲ್ಲ. ಟೈಮಿಂಗ್ ಬೆಲ್ಟನ್ನು ಸುಮಾರು 60,000 ಮೈಲಿಗೊಮ್ಮೆ ಬದಲಿಸಬೇಕು. ಮರೆತು ಅದು ತುಂಡಾದರೂ ಈ 1.6 ಎಂಜಿನ್ನಿನಲ್ಲಿ ವಾಲ್ವು ಪಿಸ್ಟನ್ನಿಗೆ ಹೊಡೆಯುವುದಿಲ್ಲ. ಕಾರು ನಿಲ್ಲುತ್ತದೆ ಅಷ್ಟೇ.

ಒಂದು ಅಪವಾದ ಇದೆ. 1991ರವರೆಗಿನ ಮೊದಲ ಕಾರುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮೂತಿ ಗಿಡ್ಡ. ಬೆಲ್ಟ್ ಬದಲಿಸುವಾಗ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಅಲ್ಲಿನ ಕೀ ಗಾಡಿ ಸವೆದು ಪುಲ್ಲಿ ಅಲ್ಲಾಡಲು ಶುರುವಾಗುತ್ತದೆ. ಆಮೇಲೆ ಎಂಜಿನ್ ಬಿಚ್ಚುವ ಕೆಲಸ. ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಎಂಜಿನ್ ಓಡುತ್ತಿರುವಾಗ ಟಾರ್ಚ್ ಹಿಡಿದು ಪುಲ್ಲಿ ನೇರವಾಗಿ ಸುತ್ತುತ್ತಿದೆಯಾ ಅಂತ ನೋಡಬೇಕು.

ಮಜ್ದಾದವರು ಪೂರ್ತಿ ಗುಣ ಮಾಡದೆ ಉಳಿಸಿದ ಕಾಯಿಲೆ ಅಂದರೆ ತುಕ್ಕು. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಎರಡು ಬದಿಯ ಕೊಳವೆಗಳಲ್ಲಿ ಇಳಿದು ಹಿಂದಿನ ಚಕ್ರದ ಮುಂಭಾಗದಲ್ಲಿ ಹೊರಬೀಳಬೇಕು. ಎಲೆ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಲ್ಲುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಲೆಯ ಮೇಲೆ ಉಕ್ಕಿನ ಛಾವಣಿ ಇಲ್ಲದ ಕಾರಿನಲ್ಲಿ ಮುಂಭಾಗ ಹಿಂಭಾಗ ಎರಡನ್ನೂ ಗಟ್ಟಿಯಾಗಿ ಹಿಡಿದಿರುವುದು ಆ ಸಿಲ್ಲೇ. ಅದು ಟೊಳ್ಳಾದರೆ ಅಪಘಾತದಲ್ಲಿ ಕಾಯುವವರಿಲ್ಲ. ಇಂಗ್ಲೆಂಡಿನ ವಾರ್ಷಿಕ ತಪಾಸಣೆಯಲ್ಲಿ ಸಿಲ್ ಕೊಳೆತ ಕಾರು ಫೇಲ್ ಆಗುತ್ತದೆ. ಎಂಜಿನ್ ಬದಲಿ ಸಿಗುತ್ತದೆ, ಗೇರ್‌ಬಾಕ್ಸೂ ಸಿಗುತ್ತದೆ. ಸಿಲ್ ಮಾತ್ರ ಕತ್ತರಿಸಿ ವೆಲ್ಡ್ ಮಾಡಬೇಕು. ಅದರ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು.

ಇನ್ನೊಂದು ಚಿಕ್ಕ ಗುರುತು. ಛಾವಣಿಯ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಛಾವಣಿ ಮಡಚುವ ಮೊದಲು ಅದರ ಜ಼ಿಪ್ ಬಿಚ್ಚಬೇಕು, ಇಲ್ಲದಿದ್ದರೆ ಮಡಿಕೆಯಾಗಿ ಸೀಳುತ್ತದೆ. ಮೂವತ್ತು ವರ್ಷ ಆ ಅರ್ಧ ನಿಮಿಷ ವ್ಯಯ ಮಾಡಿದವರು ಕೊಳವೆಯನ್ನೂ ಸ್ವಚ್ಛ ಮಾಡಿರುತ್ತಾರೆ.

ಇಷ್ಟನ್ನೂ ಗೆಳೆಯನಿಗೆ ಬರೆದು ಕಳಿಸಿದೆ. ಅವನು ಬೇಕಂತಲೇ ಮಳೆ ಬಂದ ಶನಿವಾರ ಹೋದ, ಜೇಬಲ್ಲಿ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಇಟ್ಟುಕೊಂಡು. ಕೆಂಪು ಕಾರಿನ ಹಿಂದಿನ ಚಕ್ರದ ಹತ್ತಿರ, ಸಿಲ್ ಮೇಲೆ ಮ್ಯಾಗ್ನೆಟ್ ಇಟ್ಟ. ಕೆಳಗೆ ಬಿತ್ತು. ಆ ಮಿಂಚುವ ಪೇಂಟಿನ ಕೆಳಗೆ ಉಕ್ಕಿನ ಬದಲು ಬರೀ ಪುಟ್ಟಿ! ಮಾರುವವರು ಒಳ್ಳೆಯ ಜನವೇ, ಅವರಿಗೂ ಯಾರೋ ಹಾಗೇ ಮಾರಿದ್ದರಂತೆ. ನೀಲಿ ಕಾರಿನಲ್ಲಿ ಮ್ಯಾಗ್ನೆಟ್ ಕಚ್ಚಿಕೊಂಡಿತು. ಕಿಟಕಿಯ ಪ್ಲಾಸ್ಟಿಕ್ ಹಳದಿಯಾಗಿತ್ತು, ಆದರೆ ಮಡಿಕೆ ಇರಲಿಲ್ಲ. ಪುಲ್ಲಿಯಲ್ಲಿ ನಾಲ್ಕೇ ಸೀಳು, ಗಿಡ್ಡ ಮೂತಿ. ಆದರೆ ನೇರವಾಗಿ ಸುತ್ತುತ್ತಿತ್ತು. ಫೈಲಿನಲ್ಲಿ ಬೆಲ್ಟ್ ಬದಲಿಸಿದ ಬಿಲ್ಲು ಮೂರು ಇದ್ದವು.

ಈ ಕಾರುಗಳು ಅಗ್ಗವಾಗಿದ್ದದ್ದೇ ಅವಕ್ಕೆ ಮುಳುವಾಯಿತು ಅನ್ನಿಸುತ್ತದೆ. ರಿಪೇರಿಗಿಂತ ಇನ್ನೊಂದು ಕೊಳ್ಳುವುದು ಸುಲಭವಾಗಿದ್ದಾಗ ಎಷ್ಟೋ ಗಟ್ಟಿ ಎಂಜಿನ್ನುಗಳು ಕೊಳೆತ ಮೈಯ ಜೊತೆ ಗುಜರಿಗೆ ಹೋದವು. ಮಜ್ದಾ ಕಂಪನಿಯೇ 2017ರಲ್ಲಿ ಜಪಾನಿನಲ್ಲಿ ಮೊದಲ ಪೀಳಿಗೆಯ ಕಾರುಗಳನ್ನು ಪುನರುಜ್ಜೀವನ ಮಾಡಿಕೊಡುವ ಯೋಜನೆ ಪ್ರಕಟಿಸಿತು. ಬಟ್ಟೆಯ ಛಾವಣಿ, ಮರದ ಸ್ಟಿಯರಿಂಗು, ಅಂದಿನ ಟೈರಿನ ಮಾದರಿಯನ್ನೂ ಮತ್ತೆ ತಯಾರಿಸಿದರು. ಮಾಡಿದವರೇ ಬಂದು ಉಳಿಸಬೇಕಾದ ಕಾಲ ಬಂತು.

ಗೆಳೆಯ ನೀಲಿ ಕಾರನ್ನೇ ತಗೊಂಡ. ಅದು ಜಪಾನಿನಲ್ಲಿ ಯೂನೋಸ್ ಆಗಿ ಮಾರಾಟವಾಗಿ, ಅಲ್ಲೂ ಸ್ಟಿಯರಿಂಗ್ ಬಲಕ್ಕೇ ಇರುವುದರಿಂದ ಆಮೇಲೆ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಕಾರು. ಇಂಗ್ಲಿಷ್ ಕಾರು ನೋಡಿ ಕಲಿತ ಜಪಾನಿ ಕಾರು ಇಂಗ್ಲೆಂಡಿಗೇ ಬಂದಿದೆ, ಓಡಿಸುತ್ತಿರುವವನು ದಾವಣಗೆರೆಯವನು! ಮೊದಲ ಭಾನುವಾರ ಛಾವಣಿ ತೆರೆದು ವರ್ಥಿಂಗ್ ಕಡೆಗೆ ಹೊರಟನಂತೆ. ದಾರಿಯಲ್ಲಿ ಮಳೆ ಬಂತು, ಛಾವಣಿ ಎಳೆದುಕೊಂಡ. ಕಡಲ ಹತ್ತಿರ ಕಾರು ನಿಲ್ಲಿಸಿ ಕೆಳಗಿಳಿದು ಬಗ್ಗಿ ನೋಡಿದ. ಹಿಂದಿನ ಚಕ್ರದ ಮುಂದೆ, ಎರಡೂ ಕಡೆ, ನೀರು ಧಾರಾಳವಾಗಿ ಹೊರಗೆ ಸುರಿಯುತ್ತಿತ್ತಂತೆ. ಅದರ ಫೋಟೋ ಕಳಿಸಿದ್ದಾನೆ. ಕಡಲಿನದ್ದು ಒಂದೂ ಇಲ್ಲ :)